ಬಾಡದ ಮೆಕ್ಸಿಕೋ ಮಾಸ್ತರು

ಕುಮಟೆಯ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೊಡೆ ರಿಪೇರಿಗೆ ಕೊಟ್ಟು ನಿಂತಿದ್ದೆ. ಸಂತೆಗುಳಿಯಿಂದ ಬಂದ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕಂಡವನೇ, "ಸರ್, ನಿಮ್ಮ ಮೆಕ್ಸಿಕೋ ಮಾಸ್ತರು ಹೋದ್ರು. ಹೋದ ತಿಂಗಳೇ. ನಿಮ್ಗೆ ಗೊತ್ತಾಗ್ಲಿಲ್ವಾ?" ಎಂದ.

ಗೊತ್ತಾಗಲಿಲ್ಲ. ಯಾರು ಹೇಳಬೇಕು? ಅವರಿಗೆ ಹಿಂದೆ ಮುಂದೆ ಯಾರೂ ಉಳಿದಿರಲಿಲ್ಲ. ಕೊನೆಗಾಲದಲ್ಲಿ ಸಂತೆಗುಳಿಯಲ್ಲಿ ದೂರದ ಸಂಬಂಧದ ತಂಗಿಯೊಬ್ಬಳ ಮನೆಯ ಜಗಲಿಯಲ್ಲಿ ಇದ್ದರಂತೆ, ಅಲ್ಲೇ ಒಂದು ಬೆಳಿಗ್ಗೆ ಏಳಲಿಲ್ಲವಂತೆ. "ತೊಂದ್ರೆ ಕೊಡ್ಲಿಲ್ಲ ಬಿಡಿ ಸರ್, ಪುಣ್ಯವಂತ್ರು" ಎಂದು ಆ ಹುಡುಗ, ಅಂದರೆ ಈಗ ತಲೆ ನರೆತವನು, ಬಸ್ಸು ಹತ್ತಿ ಹೋದ. ಪುಣ್ಯವಂತರಂತೆ! ನನಗೆ ಸಿಟ್ಟು ಬಂತು. ಕೊಡೆಯನ್ನು ಅಲ್ಲೇ ಮರೆತು ಮನೆಗೆ ಬಂದೆ.

ಮೆಕ್ಸಿಕೋ ಮಾಸ್ತರು ಮೆಕ್ಸಿಕೋ ನೋಡಿದವರೇನಲ್ಲ. ಬಿ.ಎ. ಓದಲು ಧಾರವಾಡಕ್ಕೆ ಹೋದದ್ದು ಬಿಟ್ಟರೆ ತೆಂಕಕ್ಕೆ ಭಟ್ಕಳ, ಬಡಗಕ್ಕೆ ಕಾರವಾರ, ಅಷ್ಟೇ ಅವರ ಲೋಕ. ಕುಮಟೆಯ ಹತ್ತಿರದ ಬಾಡ ಊರಿನಲ್ಲಿ ಮನೆ, ಉಪ್ಪುನೀರಿನ ಪಕ್ಕ ಒಂದಿಷ್ಟು ಗಜನಿ ಗದ್ದೆ, ಕುಮಟೆಯ ಹೈಸ್ಕೂಲಿನಲ್ಲಿ ಇತಿಹಾಸದ ಕೆಲಸ. ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಕ್ಯಾರಿಯರ್‌ಗೆ ಊಟದ ಡಬ್ಬಿ. ಎತ್ತರದ ಆಳು. ಮುಖದ ತುಂಬ ಸಿಡುಬಿನ ಕಲೆ. ಹಣೆ, ಗಲ್ಲ, ಮೂಗಿನ ತುದಿ, ಎಲ್ಲೂ ಒಂದು ಬೆರಳಗಲ ನುಣುಪು ಇರಲಿಲ್ಲ. ಹೊಸದಾಗಿ ಬಂದ ಮಕ್ಕಳು ಹೆದರುತ್ತಿದ್ದವು. ಒಂದು ವಾರ ಕಳೆದರೆ ಅವರ ಹಿಂದೆಯೇ ಓಡುತ್ತಿದ್ದವು.

ನಾನು ಅದೇ ಶಾಲೆಯ ಡ್ರಾಯಿಂಗ್ ಮಾಸ್ತರ. ಐವತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಸೇರಿದೆ. ಡ್ರಾಯಿಂಗ್ ಮಾಸ್ತರ ಎಂದರೆ ಆಗ ಶಾಲೆಯಲ್ಲಿ ಯಾರಿಗೂ ಬೇಡದ ಪ್ರಾಣಿ. ವಾರ್ಷಿಕ ಗ್ಯಾದರಿಂಗಿಗೆ ಬೋರ್ಡು ಬರೆಯಲು, ಇನ್‌ಸ್ಪೆಕ್ಟರ್ ಬಂದಾಗ ಗೋಡೆ ಅಲಂಕರಿಸಲು ಮಾತ್ರ ನೆನಪಾಗುತ್ತಿದ್ದೆ. ಸೇರಿ ಕೆಲವೇ ದಿನಕ್ಕೆ ಈ ಮನುಷ್ಯ ಒಂದು ಹಳೆಯ ಪಂಚೆ ಹಿಡಿದುಕೊಂಡು ಬಂದು ನನ್ನ ಮುಂದೆ ಹರಡಿದರು.

"ಇದ್ರ ಮೇಲೆ ಒಂದು ಊರು ಬರೀಬೇಕಲ್ರಾ."

"ಯಾವ ಊರು?"

"ಟೆನೋಚ್‌ಟಿಟ್ಲಾನ್."

"ಎಂತ?"

"ಬಾಯಿಗೆ ಬರೂದಿಲ್ಲ ಅಂದ್ರೆ ಬಿಡಿ. ಕೈಗೆ ಬಂದ್ರೆ ಸಾಕು."

ಹೀಗೆ ನಾನು ಸಿಕ್ಕಿಬಿದ್ದೆ. ಶಾಲೆ ಬಿಟ್ಟ ಮೇಲೆ ಅವರು ಹೇಳುವುದು, ನಾನು ಬರೆಯುವುದು. ಮೆಕ್ಸಿಕೋದ ಹಳೆಯ ರಾಜಧಾನಿಯಂತೆ ಅದು. ಒಂದು ದೊಡ್ಡ ಸರೋವರ. ಅದರ ನಡುವೆ ಊರು. ಊರಿನಿಂದ ದಡಕ್ಕೆ ಉದ್ದುದ್ದ ರಸ್ತೆಗಳು, ನೀರಿನ ಮೇಲೆಯೇ ಕಟ್ಟಿದ್ದು. ನಡುಮಧ್ಯ ಮೆಟ್ಟಿಲು ಮೆಟ್ಟಿಲಾದ ದೇವಸ್ಥಾನ. ಮನೆಗಳ ಸುತ್ತ ನೀರಿನಲ್ಲೇ ಗದ್ದೆ: ಹುಲ್ಲು ಹಾಸಿ, ಅದರ ಮೇಲೆ ಕೆಸರು ಎತ್ತಿ ಹಾಕಿ, ಅಂಚಿಗೆ ಗಿಡ ನೆಟ್ಟು ಮಾಡಿದ್ದು. ನಾನು ಸರೋವರಕ್ಕೆಲ್ಲ ಒಂದೇ ನೀಲಿ ಬಳಿದೆ. ಮಾಸ್ತರು ನೋಡಿ ತಲೆ ಆಡಿಸಿದರು.

"ಹಿಂಗಲ್ಲ. ಈ ಬದಿಗೆ ಉಪ್ಪು ನೀರು, ಆ ಬದಿಗೆ ಸಿಹಿ ನೀರು. ನಡುವೆ ಒಡ್ಡು ಅದೆ. ಒಡ್ಡು ಇಲ್ದೆ ಊರು ಎಲ್ಲಿ ಉಳೀತು?"

"ಮಾರಾಯ್ರೇ, ಬಣ್ಣದಲ್ಲಿ ಉಪ್ಪು ಹೆಂಗೆ ತೋರಿಸೂದು?"

"ನಮ್ಮ ಗಜನಿಗೆ ಬಂದು ನೋಡಿ. ಕಾಣ್ತದೆ."

ಒಂದು ಭಾನುವಾರ ನಿಜವಾಗಿಯೂ ಕರೆದುಕೊಂಡು ಹೋದರು. ಅಘನಾಶಿನಿ ಸಮುದ್ರ ಸೇರುವ ಕಡೆ ಭರತದ ನೀರು ಒಳಗೆ ನುಗ್ಗುತ್ತದೆ. ಅದನ್ನು ತಡೆಯಲು ಮಣ್ಣಿನ ಒಡ್ಡು. ಒಡ್ಡಿನ ಒಳಗೆ ಗಜನಿ ಗದ್ದೆ, ಅದರಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಒಡ್ಡಿನ ಮೇಲೆ ನಿಂತರೆ ಎಡಕ್ಕೆ ಒಂದು ಬಣ್ಣ, ಬಲಕ್ಕೆ ಇನ್ನೊಂದು. ಹೌದು, ಕಾಣುತ್ತದೆ. ಒಂದು ಕಡೆ ಏಡಿ ತೂತು ಮಾಡಿತ್ತು. ಮಾಸ್ತರು ಚಪ್ಪಲಿ ಬಿಟ್ಟು ಇಳಿದು, ಕೆಸರು ಎತ್ತಿ, ತೂತಿಗೆ ತುಂಬಿ, ಅಂಗೈಯಲ್ಲಿ ಬಡಿದು ಬಡಿದು ಗಟ್ಟಿ ಮಾಡಿದರು. "ಒಂದು ಏಡಿ ತೂತು ಬಿಟ್ರೆ ಆತು, ಒಂದು ಭರತಕ್ಕೆ ಇಡೀ ಗದ್ದೆ ಹೋತದೆ. ಅಲ್ಲಿಯವರಿಗೂ ಇದೇ ಕೆಲಸ ಆಗಿತ್ತು ಕಾಣಿ, ಇದೇ ಕೆಸರು" ಎಂದರು. ಅವರಿಗೆ ಸಮುದ್ರದಾಚೆಯ ಆ ಜನ ಪರಕೀಯರೇ ಅಲ್ಲ. ಆಚೆ ಕೇರಿಯವರು.

ಅವರ ತರಗತಿಯ ಗದ್ದಲ ನನ್ನ ಕೋಣೆಗೆ ಕೇಳುತ್ತಿತ್ತು. ಪಠ್ಯದಲ್ಲಿ ಮೆಕ್ಸಿಕೋ ಬಗ್ಗೆ ಇದ್ದದ್ದು ಒಂದೆರಡು ಸಾಲು. ಮಾಸ್ತರು ಅದಕ್ಕೆ ತಿಂಗಳು ಹಿಡಿಯುತ್ತಿದ್ದರು. ಆ ಸರೋವರದ ಊರು ಕಟ್ಟಿದ ಅಜ್ಟೆಕ್ ಜನ ಮೊದಲು ಬಂದಾಗ ಹೇಗಿದ್ದರು? ತಿರುಕರು. ಎಲ್ಲರಿಗಿಂತ ಕೊನೆಗೆ ಬಂದವರು, ಅದಕ್ಕೇ ಎಲ್ಲರಿಂದ ಓಡಿಸಿಕೊಂಡವರು. ಅಲ್ಲಿನ ಒಬ್ಬ ಅರಸ, ಈ ಪೀಡೆ ತೊಲಗಲಿ ಎಂದು ಹಾವು ತುಂಬಿದ ಕಲ್ಲುಬಯಲನ್ನು ತೋರಿಸಿ "ಇಲ್ಲಿರಿ" ಎಂದನಂತೆ. ಸ್ವಲ್ಪ ದಿನ ಬಿಟ್ಟು ಎಷ್ಟು ಜನ ಸತ್ತರು ನೋಡಿ ಬನ್ನಿ ಎಂದು ಆಳು ಕಳಿಸಿದನಂತೆ. ಆಳು ಹೋಗಿ ನೋಡಿದರೆ ಇವರು ಒಲೆ ಹೂಡಿ ಹಾವುಗಳನ್ನೇ ಸುಟ್ಟು ತಿನ್ನುತ್ತಾ ಕೂತಿದ್ದಾರೆ! ಮಕ್ಕಳು ಬೆಂಚು ಬಡಿದು ನಗುತ್ತಿದ್ದವು. ಆಮೇಲೆ ಅಲ್ಲಿಂದಲೂ ಓಡಿಸಿದಾಗ ಯಾರಿಗೂ ಬೇಡದ ಜವಳು ನಡುಗಡ್ಡೆಗೆ ಬಂದರು, ಕಳ್ಳಿಯ ಮೇಲೆ ಹದ್ದು ಕೂತದ್ದನ್ನು ಕಂಡರು, ಇದೇ ನಮ್ಮ ಊರು ಎಂದರು. ಕೆಸರು ಎತ್ತಿದರು. ಒಡ್ಡು ಕಟ್ಟಿದರು. ಸುತ್ತಲಿನವರನ್ನೆಲ್ಲ ಗೆದ್ದರು.

ಕೆಟ್ಟದ್ದನ್ನು ಮುಚ್ಚಿಡುತ್ತಿರಲಿಲ್ಲ. ಗೆದ್ದ ಊರಿನ ಜನರನ್ನು ಹಿಡಿದು ತಂದು, ಆ ಮೆಟ್ಟಿಲ ಮೇಲೆ ಎದೆ ಬಗೆದು ದೇವರಿಗೆ ಕೊಡುತ್ತಿದ್ದರು ಎಂದೂ ಹೇಳುತ್ತಿದ್ದರು. "ಅದಕ್ಕೇ ಸುತ್ತಲಿನವರು ಹೊಟ್ಟೆಯೊಳಗೆ ಸಿಟ್ಟು ಇಟ್ಕಂಡು ಕಾದಿದ್ರು. ಹೊರಗಿಂದ ಬಂದವರು ಬೆರಳೆಣಿಕೆ ಮಂದಿ. ಅವರ ಹಿಂದೆ ಬಂದವರು ಈ ಸಿಟ್ಟಿನವರು" ಎನ್ನುತ್ತಿದ್ದರು.

ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದು, "ನಮ್ಮ ದೇಶದ ಒಂದು ಪ್ರಾಚೀನ ರಾಜಧಾನಿಯ ಹೆಸರು ಹೇಳು" ಎಂದು ಒಬ್ಬಳನ್ನು ಎಬ್ಬಿಸಿದರು. ಆ ಹುಡುಗಿ ಹೆದರಿಕೆಯಲ್ಲಿ ಒಂದೇ ಉಸಿರಿಗೆ "ಟೆನೋಚ್‌ಟಿಟ್ಲಾನ್" ಎಂದುಬಿಟ್ಟಳು. ಸಾಹೇಬರಿಗೆ ಅದು ಯಾವುದೋ ತಮಿಳು ಸೀಮೆಯ ಊರಿರಬೇಕು ಅನ್ನಿಸಿತೋ ಏನೋ, "ಗುಡ್" ಎಂದು ಮುಂದೆ ಹೋದರು. ಹೆಡ್‌ಮಾಸ್ತರರ ಮುಖ ನೋಡಬೇಕಿತ್ತು. ಸ್ಟಾಫ್ ರೂಮಿನಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಸ್ತರು ಮಾತ್ರ ನಗದೆ, "ಉಚ್ಚಾರ ಸರಿ ಇತ್ತು" ಎಂದರು.

ಊಟಕ್ಕೆ ಕೂತರೂ ಬಿಡುತ್ತಿರಲಿಲ್ಲ. ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಬಡಿಸುವುದನ್ನು ನೋಡುತ್ತಾ, "ಅಕ್ಕ, ಈ ಮೆಣಸಿನಕಾಯಿ ಅವರದ್ದು. ಟೊಮೆಟೊ ಅವರದ್ದು. ಚಿಕ್ಕು ಅವರದ್ದು. ದೇವರ ತಲೆ ಮೇಲೆ ಇಟ್ಟೀರಲ್ಲ, ಆ ಗೊಂಡೆ ಹೂವೂ ಅವರದ್ದು" ಎನ್ನುತ್ತಿದ್ದರು. "ಹಂಗಾದ್ರೆ ನಮ್ಮದು ಎಂತ ಉಳೀತು?" ಎಂದು ಅವಳು ಕೇಳಿದರೆ, "ಉಪ್ಪು" ಎಂದು ನಗುತ್ತಿದ್ದರು. ಗೋವೆಗೆ ಬಂದ ಪರಂಗಿಗಳ ದಾಯಾದಿಗಳೇ ಮೆಕ್ಸಿಕೋಗೂ ಹೋದವರು, ಹೊನ್ನಾವರ ಸುಟ್ಟದ್ದೂ ಆ ಗೋವೆಯವರೇ, ಆದರೂ ನಮ್ಮ ಊರು ಬಚಾವಾಯಿತು, ಮೆಕ್ಸಿಕೋದವರದ್ದು ಆಗಲಿಲ್ಲ ಎಂದು ಒಮ್ಮೆ ಹೇಳಿದರು. ಯಾಕೆ ಆಗಲಿಲ್ಲ ಎಂದು ಕೇಳಿದ್ದಕ್ಕೆ ಊಟದ ಕೈಯಿಂದ ತಮ್ಮ ಗಲ್ಲ ತೋರಿಸಿದರು.

"ಇದು. ಕತ್ತಿ, ಕುದುರೆ, ತೋಪು, ಎಲ್ಲ ಆಮೇಲೆ. ಸಿಡುಬು ಮೊದಲು ಒಳಗೆ ಹೋತು. ಊರಿಗೆ ಊರೇ ಮಲಗ್ತು. ನೀರು ಕೊಡೂಕೆ ಎದ್ದು ನಿಂತವರು ಇರ್ಲಿಲ್ಲ."

ಈ ಭಾಗ ಪಾಠ ಮಾಡುವಾಗ ಅವರ ದನಿ ಬೇರೆಯೇ ಆಗುತ್ತಿತ್ತು. ಮೊದಲು ರಾಜನ ಮೇಲೆ ಬೀಳುತ್ತಿದ್ದರು. ಸಮುದ್ರದಿಂದ ಬಂದವರನ್ನು ಆ ರಾಜ ಮಾಲೆ ಹಾಕಿ ಅರಮನೆಗೆ ಕರೆದುಕೊಂಡ. ಯಾಕೆ? ಮಕ್ಕಳು ಒಟ್ಟಾಗಿ ಕೂಗುತ್ತಿದ್ದವು: "ದೇವರು ಅಂದ್ಕಂಡ ಸರ್!"

"ಸುಳ್ಳು. ಅನುಮಾನ ಇತ್ತು ಅವನಿಗೆ. ಗೊತ್ತಿತ್ತು. ದೂತರು ದಾರಿಯುದ್ದಕ್ಕೂ ಬಂದು ಹೇಳಿದ್ರು. ಇವತ್ತು ತಡೀತೆ, ನಾಳೆ ತಡೀತೆ ಅಂತ ಕೂತ. ಹೇಡಿ! ಬೇಡ ಅನ್ನೂಕೆ ಒಂದು ಬಾಯಿ ಇರ್ಲಿಲ್ವಾ ಇವನಿಗೆ?" ಎಂದು ಡಸ್ಟರನ್ನು ಮೇಜಿಗೆ ಬಡಿಯುತ್ತಿದ್ದರು. ಸುಣ್ಣದ ಧೂಳು ಏಳುತ್ತಿತ್ತು. ನಾನು ಆಚೆ ಕೋಣೆಯಿಂದ, "ಮಾಸ್ತರೇ, ಅವ ಸತ್ತು ನಾಲ್ಕು ಶತಮಾನ ಕಳೀತು, ಬಿಟ್ಟುಬಿಡಿ" ಎಂದು ಕೂಗುತ್ತಿದ್ದೆ. ಮಕ್ಕಳಿಗೆ ಅದೂ ಒಂದು ತಮಾಷೆ.

ಪಾಠ ಮುಗಿದ ಮಾರನೆಯ ದಿನ ಭಟ್ಕಳದಿಂದ ಲಸಿಕೆಯ ಸಾಹೇಬರು ಬರಬೇಕು, ಅದು ಮಾಸ್ತರರ ವ್ಯವಸ್ಥೆ. ಭಟ್ಕಳದ ಪಕ್ಕದ ಜಾಲಿ ಊರಿನವರು, ನವಾಯತ ಮುಸಲ್ಮಾನರು, ಸರಕಾರದ ಸಿಡುಬಿನ ಲಸಿಕೆ ಹಾಕುವ ಕೆಲಸ. ತೆಳ್ಳಗೆ, ಬಿಳಿ ಟೋಪಿ, ಕೈಯಲ್ಲಿ ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ತಿರುಪಿನಂತಹ ಒಂದು ಸೂಜಿ. ತೋಳಿನ ಮೇಲಿಟ್ಟು ಕರಕ್ ಎಂದು ತಿರುಗಿಸುತ್ತಿದ್ದರು. ಮಕ್ಕಳು ಅಳುತ್ತಿದ್ದವು, ಕಿಟಕಿ ಹಾರಿ ಓಡುತ್ತಿದ್ದವು. ಮಾಸ್ತರು ಒಬ್ಬೊಬ್ಬರನ್ನೇ ಹಿಡಿದು, ತಮ್ಮ ಕಲೆಬಿದ್ದ ಮುಖವನ್ನು ಮಗುವಿನ ಮುಖದ ಹತ್ತಿರ ತಂದು, "ನೋಡು, ಚುಚ್ಚದಿದ್ರೆ ಹಿಂಗಾಗ್ತದೆ. ಬದುಕಿದ್ರೆ ಹಿಂಗೆ. ಇಲ್ದಿದ್ರೆ ಇಷ್ಟೂ ಇಲ್ಲ" ಎನ್ನುತ್ತಿದ್ದರು. ಮಗು ಗಪ್ಪನೆ ಕೈ ಒಡ್ಡುತ್ತಿತ್ತು. ಸಾಹೇಬರು ಹೇಳುತ್ತಿದ್ದರು: "ಡಿಪಾರ್ಟ್‌ಮೆಂಟಿನವರು ಇವರ ಮುಖಕ್ಕೇ ಸಂಬಳ ಕೊಡ್ಬೇಕು." ಮಾಸ್ತರು ಜೋರಾಗಿ ನಗುತ್ತಿದ್ದರು. ಕುಮಟೆಯಲ್ಲಿ ನಮ್ಮ ಶಾಲೆಯಷ್ಟು ಲಸಿಕೆಯಾದ ಮಕ್ಕಳು ಬೇರೆ ಕಡೆ ಇರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಈಗ ಅವರ ಮನೆಯ ಮಾತು. ಬರೆಯಲು ಮನಸ್ಸಿಲ್ಲ, ಆದರೆ ಅದನ್ನು ಬಿಟ್ಟು ಈ ಮನುಷ್ಯನನ್ನು ಬರೆಯಲು ಬರುವುದಿಲ್ಲ.

ಬಾಡದ ಮನೆಯಲ್ಲಿ ಇದ್ದವರು ಮೂವರು. ಮಾಸ್ತರು, ಅವರ ತಾಯಿ, ಮತ್ತು ವೇಣಿ. ವೇಣಿ ಮಾಸ್ತರರ ಮಗಳು. ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡ ಮಗು. ಅಜ್ಜಿಯೇ ಎದೆಗವಚಿ ಬೆಳೆಸಿದ್ದು. ಶಾಲೆಗೆ ಸೇರುವ ವಯಸ್ಸಿಗೂ ಮೊದಲೇ ಎಷ್ಟೋ ದಿನ ಅಪ್ಪನ ಸೈಕಲ್ಲಿನ ಮುಂದೆ ಕೂತು ಬಂದು, ತರಗತಿಯ ಕೊನೆಯ ಬೆಂಚಿನಲ್ಲಿ ಕಾಲು ಅಲ್ಲಾಡಿಸುತ್ತಾ ಕೂರುತ್ತಿದ್ದಳು. ಬೇಸರ ಬಂದರೆ ನನ್ನ ಕೋಣೆಗೆ ಬಂದು ಬಣ್ಣದ ಚಾಕ್‌ಪೀಸು ಕದಿಯುತ್ತಿದ್ದಳು. ಪಂಚೆಯ ಮೇಲಿನ ಆ ಸರೋವರದಲ್ಲಿ ಒಂದು ದೋಣಿ ಅವಳದೇ. ನಾನು ಊಟಕ್ಕೆ ಹೋದಾಗ ಬರೆದು ಓಡಿದ್ದಳು. ಅಳಿಸಲು ಹೋದೆ, ಮಾಸ್ತರು ಬಿಡಲಿಲ್ಲ.

ಆ ಮನೆಯ ಒಳಬಾಗಿಲ ಮೇಲೆ, ತೊಲೆಗೆ, ಹಳದಿ ಬಟ್ಟೆಯ ಒಂದು ಗಂಟು ನೇತಾಡುತ್ತಿತ್ತು. ಹೊಗೆಯಲ್ಲಿ ಕಪ್ಪಾಗಿತ್ತು. ಅದು ಮುಡಿಪು. ಮಾಸ್ತರು ಚಿಕ್ಕವರಿದ್ದಾಗ ಊರಿಗೆ ಸಿಡುಬು ಬಂದು, ಅವರ ಅಣ್ಣಂದಿರು ಒಬ್ಬರ ಹಿಂದೊಬ್ಬರು ಹೋಗಿಬಿಟ್ಟರು. ಉಳಿದದ್ದು ಇವರೊಬ್ಬರು, ಇವರಿಗೂ ಕಣ್ಣು ತೆರೆಯಲಾಗದಷ್ಟು ಬಂದಿತ್ತು. ಆಗ ತಾಯಿ ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಸಿಡುಬಿನ ದೇವಿ ಅಮ್ಮನಿಗೆ ಮಾತು ಕೊಟ್ಟರು: ಇವನನ್ನು ಉಳಿಸು, ಈ ಮನೆಯಲ್ಲಿ ಇನ್ನು ಯಾರೂ ನಿನಗೆ ಎದುರಾಗಿ ಮದ್ದು ಮಾಡುವುದಿಲ್ಲ, ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ, ನೀನು ಬಂದರೆ ಬರಮಾಡಿಕೊಳ್ಳುತ್ತೇವೆ. ಮಗ ಉಳಿದ. ಗಂಟು ತೊಲೆಯ ಮೇಲೆ ಉಳಿಯಿತು.

ಆ ಮುದುಕಿಯನ್ನು ನಾನು ಬಯ್ಯಲಾರೆ. ತುಂಬ ಒಳ್ಳೆಯ ಹೆಂಗಸು. ಮನೆಗೆ ಬಂದ ಯಾರನ್ನೂ ಗಂಜಿ ಹಾಕದೆ ಕಳಿಸುತ್ತಿರಲಿಲ್ಲ. ಮಕ್ಕಳನ್ನು ಸಾಲಾಗಿ ಮಣ್ಣಿಗಿಟ್ಟವಳ ಕೈಯಲ್ಲಿ ಕೊನೆಗೆ ಉಳಿದದ್ದು ಆ ಗಂಟು ಒಂದೇ.

ಅರವತ್ತರ ದಶಕದ ಮೊದಲ ವರ್ಷಗಳು. ಬೇಸಗೆ ಶುರುವಾಗುತ್ತಿತ್ತು. ಹೊನ್ನಾವರದ ಆಚೆ ಕಡಲ ಕೇರಿಗಳಲ್ಲಿ ಸಿಡುಬು ಕಂಡಿದೆ ಎಂದು ಸುದ್ದಿ ಬಂತು. ಮಾಸ್ತರು ಸಾಹೇಬರನ್ನು ಬಾಡಕ್ಕೇ ಕರೆಸಿದರು. ನನ್ನಿಂದ ದೊಡ್ಡ ಬೋರ್ಡು ಬರೆಸಿದರು. ಭಾನುವಾರ ನಾವು ಮೂವರೂ ಕೇರಿ ಕೇರಿ ತಿರುಗಿದೆವು. ಮಾಸ್ತರು ಎಲ್ಲರ ಅಂಗಳದಲ್ಲಿ ನಿಂತು ಬೈದು, ಬೇಡಿ, ನಗಿಸಿ ಚುಚ್ಚಿಸಿದರು. ಮಧ್ಯಾಹ್ನ ಬಾಯಾರಿಕೆಗೆಂದು ಅವರ ಮನೆಗೇ ಬಂದು ಜಗಲಿಯಲ್ಲಿ ಕೂತೆವು.

ವೇಣಿ ಹೊರಗೆ ಬಂದಳು. ಸಾಹೇಬರ ಪೆಟ್ಟಿಗೆ ನೋಡಿದಳು. ಅವಳಿಗೆ ಪಾಠವೆಲ್ಲ ಬಾಯಿಪಾಠ. ಫ್ರಾಕಿನ ತೋಳು ತಾನೇ ಮೇಲೆ ಎಳೆದುಕೊಂಡು ನಿಂತಳು.

"ಅಪ್ಪ, ನಂಗೂ ಹಾಕ್ಸು. ನಾ ಅಳೂದಿಲ್ಲ."

ಸಾಹೇಬರು "ಶಾಬಾಸ್ ಬೇಟಿ" ಎಂದು ಪೆಟ್ಟಿಗೆ ತೆಗೆದರು. ಒಳಬಾಗಿಲಲ್ಲಿ ಅಜ್ಜಿ ಬಂದು ನಿಂತರು. ಜಗಳ ಮಾಡಲಿಲ್ಲ. ಕೂಗಲಿಲ್ಲ. ಮೆಲ್ಲಗೆ ಮಗನಿಗೆ ಹೇಳಿದರು:

"ಹಾಕ್ಸು ಮಗಾ. ನಾ ಬೇಡ ಅನ್ನೂದಿಲ್ಲ. ಮೊದಲು ಆ ಗಂಟು ನಿನ್ನ ಕೈಯಲ್ಲೇ ಬಿಚ್ಚು. ನಿನ್ನ ಜೀವ ಕಟ್ಟಿಟ್ಟದ್ದು ಅದ್ರಲ್ಲಿ. ಬಿಚ್ಚಿ ನನ್ನ ಮಡಿಲಿಗೆ ಹಾಕು, ಆಮೇಲೆ ಹಾಕ್ಸು."

ಮಾಸ್ತರು ಎದ್ದರು. ಕೈ ಎತ್ತಿದರೆ ಸಿಗುವಷ್ಟು ಎತ್ತರದ ಮನುಷ್ಯ. ಕೈ ಎತ್ತಿದರು ಕೂಡ. ತಾಯಿ ಕಣ್ಣು ಮುಚ್ಚಿ ಸೆರಗೊಡ್ಡಿ ನಿಂತಿದ್ದರು. ಆ ಕೈ ತೊಲೆಯ ಹತ್ತಿರ ಹೋಗಿ, ನಿಂತು, ಕೆಳಗೆ ಬಂತು. ಮಾಸ್ತರು ನಮ್ಮ ಮುಖ ನೋಡದೆ ಹೇಳಿದರು:

"ಬರೂ ವಾರ ನೋಡ್ವ ಸಾಹೇಬ್ರೆ."

"ಎಂತ ಮಾಸ್ತರೇ, ನೀವೇ ಹಿಂಗೆ ಹೇಳಿದ್ರೆ?" ಎಂದರು ಸಾಹೇಬರು.

"ಬರೂ ವಾರ. ಆಯಿಗೆ ನಾ ಸಮಾಧಾನ ಹೇಳ್ತೆ."

ವೇಣಿ ಇನ್ನೂ ತೋಳು ಎತ್ತಿ ಹಿಡಿದೇ ನಿಂತಿದ್ದಳು. ಮಾಸ್ತರೇ ಅದನ್ನು ಕೆಳಗೆ ಎಳೆದರು.

ಬರುವ ವಾರ ಸಾಹೇಬರನ್ನು ಹೊನ್ನಾವರದ ಕಡಲ ಕೇರಿಗೆ ಹಾಕಿದರು. ಅದರ ಮುಂದಿನ ವಾರ ಶಾಲೆಯಲ್ಲಿ ಪರೀಕ್ಷೆ. ಆಮೇಲೆ ಒಂದು ಸೋಮವಾರ ಮಾಸ್ತರು ಬರಲಿಲ್ಲ. ಎಂದೂ ರಜೆ ಹಾಕದವರು. ಸಂಜೆ ನಾನು ಬಾಡಕ್ಕೆ ಹೋದೆ. ಅಂಗಳದ ದಣಪೆಗೆ, ಅಂದರೆ ಬೇಲಿಯ ಬಾಗಿಲಿಗೆ, ಬೇವಿನ ಸೊಪ್ಪು ಕಟ್ಟಿತ್ತು.

ನಮ್ಮ ಕಡೆ ಸಿಡುಬು ಬಂದ ಮನೆಯ ಕ್ರಮ ಈಗಿನವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಬಂದದ್ದು ರೋಗವಲ್ಲ, ಅಮ್ಮ. ಮನೆಗೆ ಬಂದ ಅತಿಥಿ. ಒಗ್ಗರಣೆ ಹಾಕಬಾರದು. ಗಟ್ಟಿ ಮಾತಾಡಬಾರದು. ಮದ್ದು ಕೊಡಬಾರದು. ಯಾರೂ ಅಳಬಾರದು, ಅತ್ತರೆ ಅವಳಿಗೆ ಅವಮಾನ. ಮಲಗಿದವರನ್ನು ಹೆಸರು ಹಿಡಿದು ಕರೆಯಬಾರದು. ದೇವಿಯೊಡನೆ ಮಾತಾಡಿದ ಹಾಗೆ ಬಹುವಚನದಲ್ಲೇ ಮಾತಾಡಬೇಕು.

ನಾನು ಲಸಿಕೆ ಹಾಕಿಸಿಕೊಂಡವನು, ಬಾಗಿಲವರೆಗೆ ಹೋದೆ. ಬಾಳೆ ಎಲೆಯ ಮೇಲೆ ಮಗು ಮಲಗಿತ್ತು. ಮುಖ ಗುರುತು ಸಿಗುತ್ತಿರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಾ, "ತಂಪಾಗಿ ತಾಯಿ, ಎಳನೀರು ತಕ್ಕಳಿ, ನಮ್ಮ ಮೇಲೆ ಸಿಟ್ಟು ಮಾಡ್ಬೇಡಿ, ಸಂತೋಷದಲ್ಲಿ ಹೋಗಿ ಬನ್ನಿ" ಎನ್ನುತ್ತಿದ್ದರು.

ಒಳಗಿಂದ ಸಣ್ಣ ದನಿ ಬಂತು: "ಅಜ್ಜಿ, ನಾ ವೇಣಿ."

ಅಜ್ಜಿ ಕೇಳದವರಂತೆ, "ತಂಪಾಗಿ ತಾಯಿ" ಎಂದರು.

"ನಾ ವೇಣಿ ಅಜ್ಜಿ. ಅಪ್ಪ, ಹೇಳು ಅಜ್ಜಿಗೆ."

ಮಾಸ್ತರು ಗೋಡೆಗೊರಗಿ ಕೂತಿದ್ದರು. ಬಾಯಿ ತೆರೆದರು, ತೊಲೆಯ ಗಂಟಿನ ಕಡೆ ನೋಡಿ ಮುಚ್ಚಿಕೊಂಡರು. ನಾನು ಅಂಗಳಕ್ಕೆ ಬಂದು ತೆಂಗಿನ ಬುಡದಲ್ಲಿ ಕೂತುಬಿಟ್ಟೆ.

ಅವಳು ಉಳಿಯಲಿಲ್ಲ. ಅಮ್ಮ ಬಂದವರನ್ನು ಸುಡುವ ಕ್ರಮವಿಲ್ಲ. ಗಜನಿಯ ಈಚೆ, ಒಡ್ಡಿನ ಬುಡದ ಎತ್ತರದ ಜಾಗದಲ್ಲಿ ಮಣ್ಣಿಗಿಟ್ಟರು. ಮಣ್ಣು ತುಂಬಿದ ಮೇಲೆ ಮಾಸ್ತರು ಬಗ್ಗಿ ಅಂಗೈಯಿಂದ ಅದನ್ನು ಬಡಿದು ಬಡಿದು ಗಟ್ಟಿ ಮಾಡುತ್ತಲೇ ಇದ್ದರು. ಏಡಿ ತೂತು ಮುಚ್ಚಿದ ಹಾಗೆಯೇ. ನಾನೇ ತೋಳು ಹಿಡಿದು ಎಬ್ಬಿಸಿದೆ.

ಮನೆಗೆ ಬಂದಾಗ ತಾಯಿ ಅಂದ ಮಾತು ನನ್ನ ಕಿವಿಯಲ್ಲೇ ಇದೆ. "ಊರ ಮಕ್ಕಳ ಕೈ ಹಿಡಿದು ಚುಚ್ಚಿಸ್ದೆ. ಅವಳಿಗೆ ಸಿಟ್ಟು ಬರದೆ ಇರ್ತದಾ? ನಮ್ಮ ಮನೆ ಕೂಸು ತಕ್ಕಂಡ್ಲು." ಅಂದರೆ ಅವರ ಲೆಕ್ಕದಲ್ಲಿ ಮಗ ಲಸಿಕೆ ಹಾಕಿಸದೆ ಮಗು ಹೋದದ್ದಲ್ಲ, ಹಾಕಿಸಿದ್ದಕ್ಕೆ ಹೋದದ್ದು. ಮಾಸ್ತರು ವಾದ ಮಾಡಲಿಲ್ಲ. ಒಬ್ಬರೂ ಇನ್ನೊಬ್ಬರನ್ನು ಕ್ಷಮಿಸದೆ, ಒಬ್ಬರನ್ನೊಬ್ಬರು ಬಿಡಲೂ ಆಗದೆ, ಆ ಇಬ್ಬರು ಅದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದರು. "ಅನ್ನ ಬೇಕಾ?" "ಸಾಕು." ಅಷ್ಟೇ ಮಾತು ಎಂದು ನೆರೆಯವರು ಹೇಳುತ್ತಿದ್ದರು.

ಸುದ್ದಿ ತಿಳಿದು ಸಾಹೇಬರು ಭಟ್ಕಳದಿಂದ ಬಂದರು. ಸ್ಟಾಫ್ ರೂಮಿನಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. "ಆ ದಿನ ನಾ ಹಟ ಮಾಡ್ಬೇಕಿತ್ತು ಮಾಸ್ತರೇ" ಎಂದರು.

"ಹಟ ಮಾಡ್ಬೇಕಾದವ್ರು ನೀವಲ್ಲ ಸಾಹೇಬ್ರೆ" ಎಂದರು ಮಾಸ್ತರು. ಸಾಹೇಬರು ಬಾಯಿ ಮುಚ್ಚಿಕೊಂಡು ಅತ್ತರು. ಮಾಸ್ತರು ಅಳಲಿಲ್ಲ. ಅಳಬಾರದೆಂಬ ಆ ಮನೆಯ ಕಟ್ಟನ್ನು ಅವರೊಬ್ಬರು ಕೊನೆಯವರೆಗೂ ಬಿಡಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಆಮೇಲೂ ಶಾಲೆಗೆ ಬಂದರು, ಸೈಕಲ್ಲು, ಕ್ಲಿಪ್ಪು, ಡಬ್ಬಿ. ಲಸಿಕೆಯ ದಿನ ಮಾತ್ರ ತರಗತಿಯಿಂದ ಹೊರಗೆ ಹೋಗಿ ಬಾವಿಕಟ್ಟೆಯಲ್ಲಿ ನಿಲ್ಲುತ್ತಿದ್ದರು. ಮಕ್ಕಳನ್ನು ಹಿಡಿಯುವ ಕೆಲಸ ನನಗೆ ಬಂತು. ನನ್ನ ಮುಖಕ್ಕೆ ಯಾರು ಹೆದರುತ್ತಾರೆ? ಅರ್ಧ ಮಕ್ಕಳು ಕಿಟಕಿ ಹಾರಿ ಓಡಿದವು. ನಾನು ರೇಗಿ, "ಮಾಸ್ತರೇ, ಈ ಮಕ್ಕಳಿಗಾದ್ರೂ ಬನ್ನಿ" ಎಂದು ಕೇಳಿದೆ. "ನಾ ಮುಟ್ಟೂದು ಬೇಡ ಮಾರಾಯ್ರೇ" ಎಂದರು. ಆ ಮುದುಕಿಯ ಮಾತು ಅವರ ಒಳಗೆ ಎಲ್ಲೋ ಕೂತುಬಿಟ್ಟಿತ್ತು. ಇಷ್ಟೆಲ್ಲ ಓದಿದ ಮನುಷ್ಯ! ನನಗೆ ಅದಕ್ಕಿಂತ ದೊಡ್ಡ ಸೋಲು ಯಾವುದೂ ಕಾಣಲಿಲ್ಲ.

ತಾಯಿ ತೀರಿಕೊಂಡದ್ದು ಅರವತ್ತರ ದಶಕದ ಕೊನೆಗೆ. ಮಾತಾಡಿಸಲು ಹೋದಾಗ ನನ್ನ ಕಣ್ಣು ತಾನಾಗಿ ತೊಲೆಯ ಕಡೆಗೆ ಹೋಯಿತು. ಗಂಟು ಅಲ್ಲೇ ಇತ್ತು. ಮಾಸ್ತರು ನೋಡಿದರು. "ಈಗ ಬಿಚ್ಚೂಕೆ ಅಡ್ಡಿ ಇಲ್ಲ" ಎಂದರು. "ಆದ್ರೆ ಯಾರಿಗೆ ಬಿಚ್ಚೂದು?"

ಆ ಪಂಚೆಯ ನಕ್ಷೆಯನ್ನು ಮಾತ್ರ ಅವರು ಪ್ರತಿ ವರ್ಷ ಗೋಡೆಗೆ ಹಾಕಿಸುತ್ತಿದ್ದರು. ಬಣ್ಣ ಮಾಸಿ, ಉಪ್ಪು ನೀರು ಯಾವುದು ಸಿಹಿ ನೀರು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ದೋಣಿ ಮಾತ್ರ ಇತ್ತು. ಪಾಠ ಹಿಂದಿನಂತೆಯೇ ಶುರುವಾಗುತ್ತಿತ್ತು. ತಿರುಕರು ಬಂದರು, ಹಾವು ಸುಟ್ಟು ತಿಂದರು, ಮಕ್ಕಳು ಬೆಂಚು ಬಡಿದವು. ಹದ್ದು ಕೂತಿತು. ಕೆಸರು ಎತ್ತಿದರು, ಒಡ್ಡು ಕಟ್ಟಿದರು, ಸಂತೆ ಹೂಡಿದರು. ರಾಜ ಪಟ್ಟಕ್ಕೆ ಬಂದ. ಹೇಡಿ ಎಂಬ ಮಾತು ಆಮೇಲೆ ನಾನು ಕೇಳಲಿಲ್ಲ. ಡಸ್ಟರಿನ ಸದ್ದೂ ಕೇಳಲಿಲ್ಲ.

ನಾನು ಬೇರೆ ಶಾಲೆಗೆ ವರ್ಗವಾಗಿ ಹೋಗುವ ವರ್ಷ, ಒಂದು ಮಧ್ಯಾಹ್ನ, ಅವರ ತರಗತಿಯ ಬಾಗಿಲ ಹೊರಗೆ ನಿಂತಿದ್ದೆ. ನಕ್ಷೆಯನ್ನು ಒಮ್ಮೆ ನೋಡಿಕೊಂಡು ಹೋಗೋಣ ಅನ್ನಿಸಿತ್ತು. ಮಾಸ್ತರು ಹೇಳುತ್ತಿದ್ದರು: ಒಂದು ಬೆಳಿಗ್ಗೆ ಸಮುದ್ರದ ಕಡೆಯ ಕಾವಲಿನವನು ಓಡಿ ಬಂದ. ನೀರಿನ ಮೇಲೆ ಗುಡ್ಡಗಳು ತೇಲಿ ಬರುತ್ತಿವೆ ಎಂದು ರಾಜನಿಗೆ ಹೇಳಿದ. ರಾಜ ತಲೆ ತಗ್ಗಿಸಿ ಸುಮ್ಮನೆ ಕೂತ.

ಅಲ್ಲಿಗೆ ಮಾಸ್ತರು ನಿಂತರು. ಮುಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ತಡೆಯಲಾಗಲಿಲ್ಲ.

"ಆಮೇಲೆ ಎಂತ ಆತು ಸರ್?"

ಮಾಸ್ತರು ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು. ಅವಳ ತೋಳಿನ ಕಡೆಗೆ ಒಮ್ಮೆ ನೋಡಿದರು.

"ಬರೂ ವಾರ ನೋಡ್ವ" ಎಂದು ಕುರ್ಚಿಯಲ್ಲಿ ಕೂತರು.

ಗಂಟೆ ಹೊಡೆಯಲು ಇನ್ನೂ ಬಹಳ ಹೊತ್ತಿತ್ತು.